ಪಿಂಚ್‌ಗ್ರೇವ್ ಸಾಹೇಬರ ಮನೆತನ

ಮೂರನೆಯ ಸಲವೂ ರಜೆಯ ಅರ್ಜಿ ಸಹಿಯಿಲ್ಲದೆ ವಾಪಸು ಬಂತು. ‘ಸಂಬಂಧ’ ಎಂಬಲ್ಲಿ ಪ್ರೇಮನಾಥ ‘ಅಕ್ಕನ ಮಗಳು’ ಎಂದು ಬರೆದದ್ದರ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ಮ್ಯಾನೇಜರ್ ಪಿಂಚ್‌ಗ್ರೇವ್ ಸಾಹೇಬರ ಅಕ್ಷರ: ‘ಸ್ವಂತ ಕುಟುಂಬವಲ್ಲ.’ ಗಲ್ಫಿನ ಅಲ್ ಅಜೈಬಾದ ಆ ಪೈಪ್‌ಲೈನ್ ಕಂಪೆನಿಯಲ್ಲಿ ತುರ್ತು ರಜೆ ಏನಿದ್ದರೂ ಹೆಂಡತಿ, ಮಕ್ಕಳು, ತಂದೆತಾಯಿಯ ಲೆಕ್ಕದಲ್ಲಿ ಮಾತ್ರ. ಅಕ್ಕನ ಮಗಳು ಸ್ವರ್ಣಲತಾಳ ಮದುವೆಗೆ ಉಳಿದದ್ದು ಒಂಬತ್ತು ದಿನ. ಸಾಹೇಬರ ಸಹಿ ಬೀಳದೆ ಪಾಸ್‌ಪೋರ್ಟು ಕಂಪೆನಿಯ ತಿಜೋರಿಯಿಂದ ಹೊರಗೆ ಬಾರದು.

“ಮಗಳು ಅಂತ ಬರೆದುಬಿಡಿ ಮಾರಾಯ್ರೆ, ಖಲಾಸ್,” ಎಂದ ವೀಸಾ, ಪಾಸ್‌ಪೋರ್ಟಿನ ಕೆಲಸ ನೋಡುವ ಉಳ್ಳಾಲದ ಹಂಝ. “ಇವರೆಂತ ಊರಿಗೆ ಬಂದು ನೋಡ್ಲಿಕ್ಕುಂಟಾ? ಸ್ಟೋರಿನ ಮೊಯ್ದು ಅವನ ಅಪ್ಪನನ್ನು ಈವರೆಗೆ ಎರಡು ಸಲ ಸಾಯಿಸಿದ್ದಾನೆ.”

“ಮಗಳಿಗಿಂತ ಅವಳೇ ಹೆಚ್ಚು. ನಾನು ಸುಳ್ಳು ಎಂತಕ್ಕೆ ಬರೆಯಬೇಕು?” ಎಂದು ಪ್ರೇಮನಾಥ ಸಿಡುಕಿದ. ತುಳುನಾಡಿನ ಅವನ ಕುಲದಲ್ಲಿ ‘ಬಳಿ’, ಅಂದರೆ ವಂಶದ ಹೆಸರು, ಬರುವುದು ತಾಯಿಯಿಂದ. ಅವನ ಸ್ವಂತ ಮಕ್ಕಳು ಹೆಂಡತಿಯ ಬಳಿಯವರು. ಅವನ ಬಳಿಯನ್ನು ಮುಂದಕ್ಕೆ ಒಯ್ಯಲು ಉಳಿದವಳು ಅಕ್ಕ ಉಮಾವತಿಯ ಒಬ್ಬಳೇ ಮಗಳು ಸ್ವರ್ಣಲತಾ. ಮಾವ ಬಾರದೆ ತಾನು ಮಂಟಪ ಹತ್ತುವುದಿಲ್ಲ ಎಂದು ಹುಡುಗಿ ಕಾಗದ ಬೇರೆ ಬರೆದಿದ್ದಳು. ಇದನ್ನೆಲ್ಲ ಸಾಹೇಬರಿಗೆ ಎಷ್ಟು ಬಿಡಿಸಿ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ವಂಶದ ವಿಷಯ ಸಾಹೇಬರಿಗೆ ಗೊತ್ತಿಲ್ಲವೆಂದಲ್ಲ. ಅವರಿಗೆ ಗೊತ್ತಿದ್ದದ್ದೇ ಅದೊಂದು. ಪಿಂಚ್‌ಗ್ರೇವ್ ಎಂಬ ಅಡ್ಡಹೆಸರು ಈಗ ಇಡೀ ಇಂಗ್ಲೆಂಡಿನಲ್ಲಿ ಮೂವತ್ತೊಂದು ಮನೆಗಳಲ್ಲಿ ಮಾತ್ರ ಉಳಿದಿದೆಯಂತೆ. ಒಂದೂವರೆ ಶತಮಾನದ ಹಿಂದೆ ಪೂರ್ವ ಕರಾವಳಿಯ ಒಂದೇ ಹಳ್ಳಿಯ ಸುತ್ತ ಇನ್ನೂರು ಜನ ಇದ್ದರಂತೆ. ಆಮೇಲೆ ಕೆಲವರು ಗಿರಣಿಯ ಊರುಗಳಿಗೆ, ಕೆಲವರು ಗಣಿಗಳಿಗೆ ಚದುರಿಹೋದರಂತೆ. ಪೈಪ್‌ಲೈನಿನ ನಕ್ಷೆ ಇರಬೇಕಾದ ಗೋಡೆಯಲ್ಲಿ ಇಂಗ್ಲೆಂಡಿನ ನಕ್ಷೆ, ಅದರ ತುಂಬ ಬಣ್ಣಬಣ್ಣದ ಗುಂಡುಸೂಜಿ. ಟೆಲಿಫೋನ್ ಡೈರೆಕ್ಟರಿಗಳಿಂದ ವಿಳಾಸ ಹೆಕ್ಕಿ ಆ ಮೂವತ್ತೊಂದು ಮನೆಗೂ ಪತ್ರ ಟೈಪ್ ಮಾಡಿದವನು ಪ್ರೇಮನಾಥ, ಅದೂ ಅರ್ಧ ದಿನ ರಜೆಯ ಗುರುವಾರ ಮಧ್ಯಾಹ್ನ, ಉಳಿದವರೆಲ್ಲ ಮನೆಗೆ ಹೋಗಿ ಉಂಡು ಮಲಗಿದ ಮೇಲೆ. ಒಂದಕ್ಷರ ತಪ್ಪಿದರೆ ಇಡೀ ಪುಟ ಮತ್ತೆ ಹೊಡೆಯಬೇಕು. ಸ್ವಂತ ಬಳಿಯ ಮದುವೆಗೆ ಹೋಗಲಾರದವನು ಪರರ ವಂಶವೃಕ್ಷಕ್ಕೆ ನೀರು ಹೊಯ್ಯಬೇಕು, ಇದೆಂಥ ಕರ್ಮ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಂದಿನ ಟಪಾಲಿನಲ್ಲಿ ಇಂಗ್ಲೆಂಡಿನಿಂದ ಒಂದು ದಪ್ಪ ಲಕೋಟೆ ಬಂತು. ಅದನ್ನೂ ತನ್ನ ನಾಲ್ಕನೆಯ ಅರ್ಜಿಯನ್ನೂ ಹಿಡಿದು ಪ್ರೇಮನಾಥ ಒಳಗೆ ಹೋದ. ಸಾಹೇಬರು ಅರ್ಜಿಯನ್ನು ನೋಡದೆ ಬದಿಗೆ ತಳ್ಳಿ ಲಕೋಟೆ ಒಡೆದರು. ಓದುತ್ತ ಓದುತ್ತ ಅವರ ಕೆಂಪು ಮುಖ ಬಿಳುಚಿಕೊಂಡಿತು.

“ಏನಾಯಿತು ಸರ್?”

“ನನ್ನ ಮುತ್ತಜ್ಜನ ನಾಮಕರಣದ ದಾಖಲೆ. ನೀನೇ ಓದು.”

ಯಾವುದೋ ಹಳ್ಳಿಯ ಚರ್ಚಿನ ಪುಸ್ತಕದ ಫೋಟೋಕಾಪಿ ಅದು. ಮಗುವಿನ ಹೆಸರಿತ್ತು. ತಾಯಿ: ಮೇರಿ ಪಿಂಚ್‌ಗ್ರೇವ್, ಅವಿವಾಹಿತೆ. ತಂದೆಯ ಹೆಸರಿನ ಜಾಗ ಖಾಲಿ ಇತ್ತು.

“ಹನ್ನೆರಡು ವರ್ಷ!” ಸಾಹೇಬರು ಮೇಜಿಗೆ ಗುದ್ದಿದರು. “ತಂದೆಯಿಂದ ಮಗನಿಗೆ, ತಂದೆಯಿಂದ ಮಗನಿಗೆ ಎಂದು ಹನ್ನೆರಡು ವರ್ಷ ಹುಡುಕಿದೆ. ಈಗ ನೋಡಿದರೆ ನಾನು ಪಿಂಚ್‌ಗ್ರೇವೇ ಅಲ್ಲ. ಆ ನಕ್ಷೆಯನ್ನು ಕಿತ್ತು ಬಿಸಾಡು!”

ಬೇರೆ ದಿನವಾಗಿದ್ದರೆ ಪ್ರೇಮನಾಥನಿಗೆ ಒಳಗೊಳಗೇ ಖುಷಿಯಾಗುತ್ತಿತ್ತೋ ಏನೋ. ಈಗ ಸಿಟ್ಟೇ ಬಂತು. ಮೂವತ್ತೊಂದು ಪತ್ರ ಟೈಪ್ ಮಾಡಿದ ಬೆರಳು ಅವನದ್ದು.

“ಯಾಕೆ ಅಲ್ಲ ಸರ್? ತಾಯಿ ಪಿಂಚ್‌ಗ್ರೇವ್ ಅಲ್ಲವಾ? ನಮ್ಮಲ್ಲಾದರೆ ನಿಮ್ಮ ಮುತ್ತಜ್ಜನಷ್ಟು ಅಸಲಿ ಪಿಂಚ್‌ಗ್ರೇವ್ ಇನ್ನೊಬ್ಬನಿಲ್ಲ.”

“ನಿಮ್ಮ ಪದ್ಧತಿ ನನಗೆ ಬೇಡ. ತಂದೆಯೇ ಇಲ್ಲದ ಮಗು! ಕುಟುಂಬ ಅಂತ ಅದಕ್ಕೆ ಯಾರಿದ್ದರು ಹೇಳು?”

ಪ್ರೇಮನಾಥ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೆಳಗೆ ಇನ್ನೊಂದು ಸಾಲಿತ್ತು. ಖಾಲಿ ಜಾಗ ಕಂಡ ಮೇಲೆ ಸಾಹೇಬರು ಅಲ್ಲಿಯವರೆಗೆ ಹೋಗಿರಲಿಲ್ಲ. ಸಾಕ್ಷಿ: ಥಾಮಸ್ ಪಿಂಚ್‌ಗ್ರೇವ್, ಮೇರಿಯ ತಮ್ಮ, ಉತ್ತರದ ಕಲ್ಲಿದ್ದಲು ಗಣಿಯ ಕೂಲಿ. ಓದುಬರಹ ಇಲ್ಲದವನು, ಸಹಿಯ ಬದಲು ಒಂದು ಗುಣಾಕಾರದ ಗುರುತು ಹಾಕಿದ್ದ. ಪ್ರೇಮನಾಥ ಆ ಸಾಲನ್ನು ಎರಡು ಸಲ ಓದಿದ.

“ಉತ್ತರದ ಕಲ್ಲಿದ್ದಲು ಗಣಿಗೂ ಈ ಹಳ್ಳಿಗೂ ಎಷ್ಟು ದೂರ ಸರ್?”

“ನೂರೈವತ್ತು ಮೈಲಿ. ಆ ಕಡೆಗೆ ಆಗ ರೈಲೂ ಇರಲಿಲ್ಲ. ಯಾಕೆ?”

ಪ್ರೇಮನಾಥ ಕಾಗದವನ್ನು ಸಾಹೇಬರ ಮುಂದೆ ಹರವಿ, ಬದಿಗೆ ಬಿದ್ದಿದ್ದ ಅರ್ಜಿಯನ್ನು ಎತ್ತಿ ಆ ಕೊನೆಯ ಸಾಲಿನ ಪಕ್ಕಕ್ಕೇ ಇಟ್ಟ.

“ತಂದೆ ಬರಲಿಲ್ಲ ಸರ್. ಸೋದರಮಾವ ಬಂದಿದ್ದಾನೆ. ಗಣಿಯವರು ರಜೆ ಕೊಟ್ಟಿದ್ದಾರೆ.”