ನಾಲ್ಕು ಸೌಟು

"ಚೀಲ ಬಿಚ್ಚು," ಎಂದ ಮೇಸ್ತ್ರಿ.

ದೊಡ್ಡಕ್ಕ ಬಿಚ್ಚಲಿಲ್ಲ. ಪ್ರಾರ್ಥನಾ ಮಂದಿರದ ಹಿಂಬಾಗಿಲಲ್ಲಿ, ಪಾತ್ರೆ ತೊಳೆದ ಒದ್ದೆ ಕೈಗಳಿಂದ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ನಿಂತಳು. ಹೊರಗೆ ಗಂಜಿಯ ಸಾಲು ಆಗಲೇ ಬೀದಿಯ ತಿರುವಿನವರೆಗೆ ಬೆಳೆದಿತ್ತು. ಸಾಲಿನಲ್ಲಿ ಮಾತಿರಲಿಲ್ಲ. ಗಿರಣಿ ಮುಚ್ಚಿ ಐದನೇ ತಿಂಗಳು. ಜನ ಬೈಯುವುದನ್ನೂ ಬಿಟ್ಟಿದ್ದರು.

ಮೇಸ್ತ್ರಿ ತಾನೇ ಚೀಲ ಕಿತ್ತುಕೊಂಡ. ಒಳಗೆ ಮುಚ್ಚಳದ ಡಬ್ಬಿ. ಡಬ್ಬಿಯ ತುಂಬ ಬಿಸಿ ಗಂಜಿ.

"ನಾಲ್ಕು ಸೌಟು," ಎಂದ ಅಡುಗೆಯವನು ಒಲೆಯ ಹತ್ತಿರದಿಂದಲೇ. "ದಿನಾ ನಾಲ್ಕೇ. ನಾನು ಹೇಳ್ಲಿಲ್ವಾ? ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಕಾಣಲ್ವಾ?"

"ನೀನು ಒಲೆ ನೋಡು," ಎಂದ ಮೇಸ್ತ್ರಿ.

ಗಿರಣಿಯಲ್ಲಿ ಇಪ್ಪತ್ತು ವರ್ಷ ಮಗ್ಗಗಳ ಮೇಸ್ತ್ರಿಯಾಗಿದ್ದವನು ಅವನು. ಗಿರಣಿ ಮುಚ್ಚಿದ ವಾರವೇ ಮಂದಿರದ ಹಿರಿಯರ ಮುಂದೆ ನಿಂತು, ಗಂಜಿ ಹಾಕೋಣ, ದುಡಿಮೆ ನನ್ನದು ಎಂದಿದ್ದ. ಮೊದಲ ಹಂಡೆಗೆ ಅಕ್ಕಿ ಸಾಲದೆ ಬಂದಾಗ ಮನೆಗೆ ಹೋಗಿ ಇದ್ದ ಮೂಟೆಯನ್ನು ಹೊತ್ತು ತಂದು ಸುರಿದಿದ್ದ. ಅವತ್ತು ಹಿರಿಯರು ಕಣ್ಣೊರೆಸಿಕೊಂಡಿದ್ದರು.

ನಿಯಮ ಹಾಕಿದವನೂ ಅವನೇ. ಸಾಲಿಗೆ ಬರಲಾಗದವರ ಮನೆಗೆ ಸೇವೆಯವರು ಒಯ್ದು ಕೊಡಬೇಕು. ಒಯ್ದವರು ಆ ಮನೆಯ ಹೆಸರೆತ್ತಬಾರದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು. ಸೇವೆಯವರು ಇಲ್ಲೇ ಉಣ್ಣಬಹುದು, ತಮ್ಮ ಮನೆಗೆ ಒಂದು ಅಗುಳೂ ಒಯ್ಯುವಂತಿಲ್ಲ. ಅಂಥ ಮನೆಗಳ ಪಟ್ಟಿಯಲ್ಲಿ ದೊಡ್ಡಕ್ಕನ ಪಾಲಿಗೆ ಆರು ಮನೆ. ಆರು ಡಬ್ಬಿಗಳೂ ಹೋಗಿ ಬಂದಾಗಿತ್ತು. ಇದು ಏಳನೆಯದು.

"ಮನೆಗಾ?" ಎಂದ.

"ನನ್ನ ಮನೇಲಿ ಯಾರಿದ್ದಾರೆ, ಗೋಡೆ ಉಣ್ಣುತ್ತಾ?"

"ಗೋಡೆ ಉಣ್ಣಲ್ಲ, ತಮ್ಮ ಉಣ್ತಾನಲ್ಲ," ಎಂದ ಅಡುಗೆಯವನು. "ಸೋಮಾರಿಗಳ ರಾಜ. ಎಲ್ಲಿ ಬಿದ್ದಿದ್ದಾನೆ ಈಗ?"

ದೊಡ್ಡಕ್ಕ ಅವನ ಕಡೆ ತಿರುಗಲಿಲ್ಲ. "ಇದು ಒಂದು ಮನೆಗೆ ಹೋಗೋದು ಮೇಸ್ತ್ರೀ. ಹೆಸರು ಹೇಳಬಾರದು ಅಂದೋರು ನೀವೇ."

"ಪಟ್ಟಿಯಲ್ಲಿಲ್ಲದ ಮನೆಗೆ ನಿಯಮ ಬೇರೆ ಕೇಡು."

"ಪಟ್ಟಿಗೆ ಸೇರಿಸಿ ಅಂತ ಕೇಳೋಕೆ ಆ ಹೆಣ್ಣಿಗೆ ಬಾಯಿ ಬರಲ್ಲ. ಸಾಲಲ್ಲಿ ನಿಲ್ಲೋಕೆ ಕಾಲು ಬರಲ್ಲ."

"ಗಂಡ ಇಲ್ವಾ?"

"ಇದ್ದಾನೆ."

"ಕುಡುಕನಾ?"

"ಅಂಥ ಚಟ ಏನಿಲ್ಲ."

"ಮತ್ತೇನು ರೋಗ ಅವನಿಗೆ? ಕಟ್ಟಿಕೊಂಡವಳು ಕದ್ದ ಗಂಜಿ ಕುಡೀತಿದ್ರೆ ಗೊತ್ತಾಗಲ್ವಾ? ಕರ್ಕೊಂಡು ಬಾ ನನ್ನ ಮುಂದೆ. ಮುಖದ ನೀರಿಳಿಸ್ತೀನಿ."

ಅಡುಗೆಯವನು ನಕ್ಕ. ದೊಡ್ಡಕ್ಕ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಅಂಥ ಗಂಡನೂ ಇಲ್ಲ, ಅಂಥ ಮನೆಯೂ ಇಲ್ಲ ಎಂದು ಮೇಸ್ತ್ರಿಗೆ ಖಾತ್ರಿಯಾಯಿತು. ತಮ್ಮನನ್ನು ಮುಚ್ಚಿಡಲು ಕಟ್ಟಿದ ಕಥೆ ಇದು.

ಮೊದಲಾಗಿದ್ದರೆ ಕೂಗಾಡಿ ಮಂದಿರದ ಹೆಂಚು ಹಾರಿಸುತ್ತಿದ್ದ. ಈಗ ಸಿಟ್ಟು ಕೂಡ ಬರಲಿಲ್ಲ. ದಿನಕ್ಕೆ ಮುನ್ನೂರು ಬಟ್ಟಲು ನೋಡಿ ನೋಡಿ ಒಳಗೆ ಎಲ್ಲವೂ ಮರಗಟ್ಟಿ ಹೋಗಿತ್ತು. ಬೇರೆ ಯಾರದೋ ಬಾಯಿಂದ ಬಂದಂತೆ ಮಾತು ಬಂತು.

"ನಾಳೆಯಿಂದ ಬರಬೇಡ."

"ಆಯ್ತು. ಇವತ್ತಿಂದು ಕೊಟ್ಟುಬಿಡಿ. ನಿನ್ನೆ ನನಗೆ ಜ್ವರ, ಹೋಗಿರಲಿಲ್ಲ. ಅಲ್ಲಿ ಬೇರೆ ಏನೂ ಇಲ್ಲ. ಮಕ್ಕಳಿರೋ ಮನೆ."

"ಮಕ್ಕಳು ಎಲ್ಲರ ಮನೇಲೂ ಇದ್ದಾರೆ. ನಾನೇನಾದ್ರೂ ಒಯ್ದಿದ್ದೀನಾ?"

"ಇಲ್ಲ," ಎಂದಳು ದೊಡ್ಡಕ್ಕ. "ನೀವು ಒಯ್ದಿಲ್ಲ."

ಅವನು ಡಬ್ಬಿಯನ್ನು ಹಂಡೆಯ ಮೇಲೆ ಬೋರಲು ಹಾಕಿದ. ಗಂಜಿ ಸಿಡಿದು ಮಣಿಕಟ್ಟಿನ ಮೇಲೆ ಬಿತ್ತು. ಚರ್ಮ ಕೆಂಪಾಗುವುದನ್ನು ನೋಡಿದ. ಉರಿ ಮಾತ್ರ ಗೊತ್ತಾಗಲಿಲ್ಲ. ತಿರುಗಿ ನೋಡಿದಾಗ ದೊಡ್ಡಕ್ಕ ಖಾಲಿ ಚೀಲ ಮಡಚಿಕೊಂಡು ಹೋಗುತ್ತಿದ್ದಳು.

ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಬಾಗಿಲು ತೆರೆಯಿತು. ಬಟ್ಟಲುಗಳು ಒಂದರ ಹಿಂದೆ ಒಂದು ಬಂದವು, ಹೋದವು. ಯಾರೂ ಮುಖ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕೊನೆಯ ಕೆಲವರಿಗೆ ಹಂಡೆಯ ತಳ ಕೆರೆದು ಬಡಿಸಿದ. ದಿನದಂತೆ ತನ್ನ ಪಾಲಿನ ಬಟ್ಟಲನ್ನು ನಿಂತೇ ಕುಡಿದ. ತೊಳೆಯಲು ದೊಡ್ಡಕ್ಕ ಇರಲಿಲ್ಲವಾದ್ದರಿಂದ ಹಂಡೆಯನ್ನೂ ತಾನೇ ತೊಳೆದು ಬೋರಲು ಹಾಕಿದ. ಅಷ್ಟರಲ್ಲಿ ಮಣಿಕಟ್ಟಿನ ಬೊಬ್ಬೆ ಒಡೆದಿತ್ತು.

"ಮನೆಗೆ ಹೋಗಿ ಏನಾದ್ರೂ ಹಚ್ಕೊಳ್ಳಿ ಮಾರಾಯ್ರೇ," ಎಂದ ಅಡುಗೆಯವನು. "ಮನೆ ದಾರಿ ನೆನಪಿದೆ ತಾನೇ?"

ಮಧ್ಯಾಹ್ನದ ಹೊತ್ತಿನಲ್ಲಿ ಮನೆಯ ಕಡೆ ಹೆಜ್ಜೆ ಹಾಕಿ ಐದು ತಿಂಗಳಾಗಿತ್ತು. ಮಕ್ಕಳು ಏಳುವ ಮೊದಲೇ ಹೊರಡುತ್ತಿದ್ದ, ಮಲಗಿದ ಮೇಲೆ ಬರುತ್ತಿದ್ದ. ಮನೆಯ ಚಿಂತೆ ಅವನಿಗಿರಲಿಲ್ಲ. ಹೆಂಡತಿ ಗಟ್ಟಿಗಿತ್ತಿ, ಕಲ್ಲು ಹಿಂಡಿ ನೀರು ತೆಗೆಯುವವಳು. ಒಂದು ದಿನವೂ ಅದಿಲ್ಲ ಇದಿಲ್ಲ ಎಂದವಳಲ್ಲ.

ಮುಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಹಿತ್ತಿಲಿಗೆ ಸುತ್ತಿ ಬಂದು ಎರಡು ಸಲ ಮೆಲ್ಲಗೆ ಬಾಗಿಲು ತಟ್ಟಿದ. ಒಳಗೆ ಯಾರೋ ಓಡಿ ಬಂದ ಸದ್ದು. ಬಾಗಿಲು ಗೇಣಗಲ ತೆರೆಯಿತು. ಸಂದಿಯಿಂದ ಒಂದು ಕೈ ಖಾಲಿ ಪಾತ್ರೆ ಹಿಡಿದು ಹೊರಗೆ ಬಂತು.

"ಯಾಕ್ ದೊಡ್ಡಕ್ಕ, ಇವತ್ತು ಇಷ್ಟು ತಡ?" ಎಂದಳು ಅವನ ಹೆಂಡತಿ, ಬಾಗಿಲ ಮರೆಯಿಂದಲೇ. "ನಿನ್ನೆಯಿಂದ ಮಕ್ಕಳಿಗೆ ಬರೀ ನೀರು ಕುಡಿಸಿದ್ದೀನಿ."