ಇಳಿಜಾರಿನ ಕಲ್ಲು

ಹೊಸ ಟ್ರಾಕ್ಟರಿನ ಚಕ್ರದಡಿಗೆ ಕಲ್ಲು ಒತ್ತಿದ ಮೇಲೆಯೇ ಅವಳಿಗೆ ತಾನೇನು ಮಾಡಿದೆನೆಂದು ಹೊಳೆದದ್ದು. ಹಳೆಯ ಅಭ್ಯಾಸ. ಗಂಡನದೂ ಅದೇ ಕಥೆ. ಓಡಿಸಿ ನೋಡಲು ಕೊಟ್ಟ ಗಾಡಿಯನ್ನು, ಟ್ರಾಕ್ಟರ್ ಅಂಗಡಿಯ ಅಂಗಳದ ಸಮತಟ್ಟು ಜಾಗವನ್ನೆಲ್ಲ ಬಿಟ್ಟು, ಗೇಟಿನ ಬಳಿಯ ಇಳಿಜಾರಿನಲ್ಲೇ ತಂದು ನಿಲ್ಲಿಸಿದ್ದ. ಮನೆಯಲ್ಲಿ ಹಳೆಯದನ್ನು ನಿಲ್ಲಿಸುವ ಹಾಗೆ.

"ಅಕ್ಕಾ, ಇದಕ್ಕೆ ಕಲ್ಲು ಬೇಡ. ಕೀ ತಿರುಗಿಸಿದ್ರೆ ಸ್ಟಾರ್ಟು," ಎಂದು ಸೇಲ್ಸ್‌ನವನು ನಕ್ಕ.

ಗಂಡನಿಗೆ ಮರ್ಯಾದೆ ಉಳಿಸಿಕೊಳ್ಳಬೇಕಿತ್ತು. "ನಮ್ಮ ಮೂರೆಕರೆಗೆ ಹಳೇದೇ ಸಾಕು ಬಿಡಪ್ಪ. ಇದರದ್ದು ಒಂದು ವೈರು ಹೋದ್ರೂ ನಿಮ್ಮ ಕಂಪ್ಯೂಟರ್‌ನವನು ಬರೋ ತನಕ ಕಾಯ್ಬೇಕು. ಅದನ್ನಾದ್ರೆ ಎರಡು ಸ್ಪ್ಯಾನರಲ್ಲಿ ಬಿಚ್ಚಿ ಜೋಡಿಸ್ತೀನಿ. ಅದರ ಸೆಲ್ಫ್ ಸ್ಟಾರ್ಟರು ಕೆಟ್ಟು ಯಾವ ಕಾಲ ಆಯ್ತು, ಏನು ಕಮ್ಮಿ ಆಗಿದೆ? ಇಳಿಜಾರಲ್ಲಿ ಬಿಟ್ರೆ ತಾನೇ ಸ್ಟಾರ್ಟ್ ಆಗುತ್ತೆ."

ಅವಳು ಇನ್ನೂ ಕುಕ್ಕರಗಾಲಲ್ಲೇ ಕೂತಿದ್ದಳು. ಏಳಬೇಕೆಂದರೆ ಸೊಂಟ ಕೇಳಬೇಕಲ್ಲ. ಮನೆಯಲ್ಲಿ ಪ್ರತಿ ಬೆಳಿಗ್ಗೆ ಅವನು ಹಳೆಯದರ ಮೇಲೆ ಕೂತು "ಎಳಿ" ಎನ್ನುತ್ತಿದ್ದ. ಅವಳು ಕಲ್ಲು ಎಳೆದು, ಉರುಳುವ ಚಕ್ರಕ್ಕೆ ಸಿಗದ ಹಾಗೆ ಪಕ್ಕಕ್ಕೆ ಹಾರಿಕೊಳ್ಳಬೇಕಿತ್ತು. ವಯಸ್ಸಾದ ಹಾಗೆ ಹಾರುವ ದೂರ ಕಮ್ಮಿಯಾಗುತ್ತ ಬಂದಿತ್ತು.

"ಗಾಡಿ ನೆರಳಿಗೆ ತನ್ನಿ ಸಾರ್," ಎಂದ ಸೇಲ್ಸ್‌ನವನು. ಗಂಡ ಹತ್ತಿ ಕೂತ. ಕೀ ಮುಟ್ಟಲಿಲ್ಲ. ಬಾಯಿಗೆ ಬಂದದ್ದು ಹಳೆಯ ಮಾತೇ: "ಹ್ಞೂಂ, ಎಳಿ."

ಅವಳು ಕಲ್ಲು ಎಳೆಯಲಿಲ್ಲ. ಚಕ್ರ ಹಿಡಿದುಕೊಂಡು ನಿಧಾನಕ್ಕೆ ಎದ್ದು, ಕೈಗೆ ಅಂಟಿದ ಮಣ್ಣು ಒರೆಸಿಕೊಂಡಳು.

"ತಾನೇ ಸ್ಟಾರ್ಟ್ ಆಗುತ್ತೆ ಅಂದ್ರಲ್ಲಾ," ಎಂದಳು. "ಆ 'ತಾನೇ' ಅಂದ್ರೆ ನಾನೇ ರೀ."