ಕಿವಿ ಚುಚ್ಚುವ ಮೊದಲು

ಐದು ತಿಂಗಳ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಭುವನಾ ಡಾಕ್ಟರ ಎದುರು ಕುಳಿತಿದ್ದಳು. ಕರೆಯದೆಯೇ ಜೊತೆಗೆ ಬಂದಿದ್ದ ಅತ್ತೆ ಚಂಪವ್ವ ಪಕ್ಕದಲ್ಲಿ ನಿಂತು ಒಂದೇ ಸಮನೆ ತಕರಾರು ತೆಗೆಯುತ್ತಿದ್ದಳು.

“ಸೂಜಿ ಹೊಸಾದೇನ್ರಿ?”

“ಹೌದಮ್ಮ.”

“ಹಂಗಾರ ನನ್ನ ಕಣ್ಣ ಮುಂದ ಪಾಕೀಟು ಹರೀರಿ.”

ಡಾಕ್ಟರು ಮುಖ ಗಂಟಿಕ್ಕಿಕೊಂಡು ಹರಿದರು.

“ಕೈ ತೊಕ್ಕೊಂಡಿಲ್ಲ ನೀವು. ಈಗಷ್ಟ ಫೋನ್ ಮುಟ್ಟೀರಿ.”

“ನನಗೆ ಕೆಲಸ ಕಲಿಸಬೇಡಿ,” ಎಂದು ಗದರಿದರೂ ಡಾಕ್ಟರು ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದು ಗ್ಲೌಸ್ ಹಾಕಿಕೊಂಡರು. “ಇನ್ನೊಂದು ಮಾತಾಡಿದರೆ ಮಗುವನ್ನು ಬೇರೆ ಕಡೆ ಕರೆದುಕೊಂಡು ಹೋಗಿ.”

ಭುವನಾಳಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಈ ಮುದುಕಿ ಅವಳ ಅಡುಗೆ, ಅವಳು ಸೀರೆ ಉಡುವುದು, ಮಗುವನ್ನು ಎತ್ತಿಕೊಳ್ಳುವುದು, ಯಾವುದನ್ನೂ ಬಿಟ್ಟಿರಲಿಲ್ಲ. ಇವತ್ತು ಡಾಕ್ಟರ ಮುಂದೆಯೂ ಮರ್ಯಾದೆ ತೆಗೆದಿದ್ದಳು.

“ಸಾಕು ಮಾಡ್ರಿ ಅತ್ತಿ! ಭಾಳ ಶಾಣ್ಯಾಕಿ ಆಗಬ್ಯಾಡ್ರಿ. ನಿಮ್ಮ ಕಾಲದಾಗ ಕಿವಿ ಚುಚ್ಚೋರು ಯಾರು ಕೈ ತೊಕ್ಕೋತಿದ್ರು?”

“ಯಾರೂ ತೊಕ್ಕೋತಿದ್ದಿಲ್ಲ,” ಎಂದಳು ಚಂಪವ್ವ. “ಕಿವಿ ನಂಜೇರಿತು. ಅದಕ್ಕ ನಿನ್ನ ಗಂಡಗ ಅಕ್ಕ ಇಲ್ಲ.”